ಹಾಸಿಲ್ಲದ ಸೀರೆಗೆ ಹ್ಞೂಂ ಅಂದವಳು

ನಮ್ಮ ದೊಡ್ಡವ್ವ, ಅಂದರೆ ನನ್ನ ತಾಯಿಯ ಅಕ್ಕ, ಕತೆ ಹೇಳಲು ಕೂತರೆ ಮೊದಲೊಂದು ಕರಾರು ಹಾಕುತ್ತಾಳೆ. ಎದುರಿಗೆ ಕೂತವರು ಮಾತುಮಾತಿಗೂ ಹ್ಞೂಂ ಅನ್ನಬೇಕು. ಹ್ಞೂಂ ನಿಂತರೆ ಕತೆಯೂ ನಿಂತಿತು. ಬರೀ ಹ್ಞೂಂ ಅಂದರೂ ಸಾಲದು, ಅದು ಎಚ್ಚರದ ಹ್ಞೂಂ ಆಗಿರಬೇಕು. ಅದನ್ನು ಪರೀಕ್ಷಿಸಲು ಕತೆಯ ನಡುವೆ ಎಲ್ಲೋ ಒಂದು ಕಡೆ ಸುಳ್ಳೊಂದನ್ನು ಸೇರಿಸಿಬಿಡುತ್ತಾಳೆ. ನಾನು ಚಿಕ್ಕವಳಿದ್ದಾಗ ಅಂಗಳದಲ್ಲಿ ಶೇಂಗಾ ಸುಲಿಯುತ್ತ ಕೂತು, ‘ಆನಿ ಬಂದು ಗುಬ್ಬಿ ಗೂಡಿನ್ಯಾಗ ಮಕ್ಕೊಂತು’ ಎಂದಳು. ಹ್ಞೂಂ ಅಂದೆ. ‘ಮುಗೀತು ಏಳವ್ವಾ, ನಿನ್ನ ಕಿವಿ ಊರಿಗೆ ಹೋಗ್ಯಾವು’ ಎಂದು ಸೆರಗು ಕೊಡವಿ ಎದ್ದೇಬಿಟ್ಟಳು. ಆ ಕತೆ ಮುಂದೇನಾಯಿತೋ ಇವತ್ತಿಗೂ ನನಗೆ ಗೊತ್ತಿಲ್ಲ.

ಬೈಲಹೊಂಗಲದ ಪೇಟೆಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ಬ್ಲೌಸಿನ ಅಳತೆ ಕೊಡಲು ಬಂದವರು ಎದ್ದು ಹೋಗದೆ ಹರಟುತ್ತ ಕೂತುಬಿಡುವುದು ದೊಡ್ಡವ್ವನಿಂದ ಕಲಿತ ಮಾತಿನ ಪುಣ್ಯ. ಎಲ್ಲರೂ ಇರುವ ಆ ದೊಡ್ಡ ಜಾಲತಾಣದಲ್ಲಿ ಆಕೆಯ ಕತೆ ಹಾಕತೊಡಗಿದ್ದೂ ಹಾಗೆಯೇ, ಯಾರೋ ಗಿರಾಕಿ ‘ಹಾಕ್ರಿ, ನಾವೂ ಕೇಳ್ತೇವಿ’ ಅಂದರೆಂದು. ಕೇಳುವವರು ಬಹಳ ಮಂದಿ ಆದರು. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದಾಗ ಅವರು ಬರೆದದ್ದನ್ನು ಆಕೆಗೆ ಓದಿ ಹೇಳುವುದು, ಆಮೇಲೆ ಹೊಸ ಕತೆಯನ್ನು ಫೋನಿನಲ್ಲಿ ಹಿಡಿಯುವುದು. ಕೈಮುಗಿದ ಚಿತ್ರ ಇಷ್ಟು, ಹೂವಿನ ಚಿತ್ರ ಇಷ್ಟು ಎಂದು ನಾನು ಉಬ್ಬಿ ಹೇಳಿದರೆ, ‘ಅವೆಲ್ಲಾ ನಿದ್ದಿಗಣ್ಣಿನ ಹ್ಞೂಂ, ಬಿಡು. ರಾಮದುರ್ಗದಾಕಿ ಏನಂದ್ಲು?’ ಎಂದು ಕೇಳುತ್ತಿದ್ದಳು.

ರಾಮದುರ್ಗದಾಕೆ ಒಬ್ಬ ನೇಕಾರ ಹೆಣ್ಣುಮಗಳು. ಖಾತೆಗೆ ‘ರಾಮದುರ್ಗದ ನೇಕಾರಾಕಿ’ ಎಂದಷ್ಟೇ ಹೆಸರು. ಮುಖವಿಲ್ಲ, ಮುಖದ ಜಾಗದಲ್ಲಿ ಲಾಳಿಯ ಚಿತ್ರ. ಒಂದೊಂದು ಕತೆಗೂ ಒಂದೊಂದು ತಕರಾರು. ‘ಸವದತ್ತಿಯಿಂದ ಕಿತ್ತೂರಿಗೆ ಚಕ್ಕಡಿ ಒಪ್ಪತ್ತಿನ್ಯಾಗ ಹೆಂಗ ಮುಟ್ಟತೈತಿ? ಎತ್ತಿಗೆ ರೆಕ್ಕಿ ಇದ್ದವೇನು? ನಿಮ್ಮ ದೊಡ್ಡವ್ವಗ ಕೇಳ್ರಿ.’ ಕೊನೆಗೆ ಯಾವಾಗಲೂ ಅದೇ ಸಾಲು, ನಿಮ್ಮ ದೊಡ್ಡವ್ವಗ ಕೇಳ್ರಿ. ಅದನ್ನು ಓದಿದ ದಿನ ದೊಡ್ಡವ್ವ ಒಂದು ರೊಟ್ಟಿ ಹೆಚ್ಚಿಗೆ ಉಣ್ಣುತ್ತಿದ್ದಳು. ‘ಹಿಡದ್ಲು ನೋಡು! ಅವು ಕಿವಿ ಅಂದ್ರ.’

ಹೀಗಿರುವಾಗ ಒಂದು ಬೆಳಿಗ್ಗೆ ನನ್ನ ಖಾತೆ ತೆರೆಯಲಿಲ್ಲ. ಯಾರೋ ಪುಣ್ಯಾತ್ಮರು ದೊಡ್ಡವ್ವನ ಕತೆಗಳನ್ನು ಇಳಿಸಿಕೊಂಡು, ಹಿಂದೆ ತಂಬೂರಿಯ ನಾದ ಸೇರಿಸಿ ತಮ್ಮದೆಂದು ಹಾಕಿಕೊಂಡಿದ್ದರು. ಸಾಲದ್ದಕ್ಕೆ ಕಳ್ಳಿ ನಾನೇ ಎಂದು ದೂರನ್ನೂ ಕೊಟ್ಟಿದ್ದರು. ನಾನು ತಾಣದವರಿಗೆ ವಿವರವಾಗಿ ಬರೆದೆ. ಮೂರು ಸಾಲಿನ ಉತ್ತರ ಬಂತು. ಮತ್ತೆ ಬರೆದೆ. ಅದೇ ಮೂರು ಸಾಲು. ಜಗಳಾಡೋಣವೆಂದರೆ ಆ ಕಡೆ ಮನುಷ್ಯರೇ ಇರಲಿಲ್ಲ. ಕತೆಗಳೇನೋ ನನ್ನ ಫೋನಿನಲ್ಲಿ ಭದ್ರವಾಗಿದ್ದವು. ಹೋದದ್ದು ಕೇಳುವವರು. ಅವರಲ್ಲಿ ಒಬ್ಬರ ನಿಜ ಹೆಸರು, ಓಣಿ, ನಂಬರು ಏನೂ ನನ್ನಲ್ಲಿರಲಿಲ್ಲ. ನನ್ನವರೆಂದು ತಿಳಿದಿದ್ದೆ, ಅವರು ಆ ತಾಣದವರಾಗಿದ್ದರು.

ಆ ದಿನಗಳಲ್ಲಿ ಮೆಷಿನ್ನಿನ ಮೇಲೆ ಕಾಲು ಕೂರುತ್ತಿರಲಿಲ್ಲ. ನಾಲ್ಕು ಹೊಲಿಗೆ ಹಾಕುವುದು, ಫೋನು ನೋಡುವುದು. ಗುಂಡಿ ಹಚ್ಚುವುದು, ಫೋನು ನೋಡುವುದು. ಒಬ್ಬರ ಬ್ಲೌಸಿಗೆ ಎರಡೂ ಎಡತೋಳನ್ನೇ ಹಚ್ಚಿಬಿಟ್ಟೆ. ಮನೆಗೆ ಹೋದರೆ ದೊಡ್ಡವ್ವ ಗೋಡೆಗೆ ಒರಗಿ ಕಾಯುತ್ತಿದ್ದಳು. ‘ಏನಂದ್ರವ್ವಾ ಇವತ್ತ?’

ಇಲ್ಲ ಅನ್ನಲು ಬಾಯಿ ಬರಲಿಲ್ಲ. ಸುಳ್ಳು ಕಟ್ಟಿದೆ.

ಕಟ್ಟತೊಡಗಿದ ಮೇಲೆ ಅದರ ರುಚಿ ಹತ್ತಿತು. ಖಾಲಿ ಪರದೆ ಹಿಡಿದು ಓದುತ್ತಿದ್ದೆ. ಯರಗಟ್ಟಿಯ ಅಂಗಡಿಕಾರರು ಹೀಗಂದರು, ನೇಸರಗಿಯ ಅಜ್ಜಿ ತನ್ನ ತವರಿನ ಕತೆ ನೆನೆದು ಹಾಗೆ ಬರೆದಳು, ಒಬ್ಬರ ಮಾತಿಗೆ ಇನ್ನೊಬ್ಬರು ಮಾತು ಕೂಡಿಸಿದರು. ಬೈಗಳಿಲ್ಲ, ಆತುರವಿಲ್ಲ, ಯಾರೂ ಯಾರದನ್ನೂ ಕದಿಯುವುದಿಲ್ಲ. ಇಲ್ಲದ ಊರೊಂದನ್ನು ದಿನವೂ ಮಧ್ಯಾಹ್ನ ಕಟ್ಟಿ ಆಕೆಯ ಮುಂದೆ ಇಡುತ್ತಿದ್ದೆ. ರಾಮದುರ್ಗದಾಕೆಯದನ್ನು ಮಾತ್ರ ಸರಿಯಾಗಿ ನಟಿಸಲು ಬರಲಿಲ್ಲ. ‘ಕತಿ ಭಾಳ ಚೊಲೋ ಆಗೇತಿ ಅಂತ ಬರದಾರ’ ಎಂದೆ.

ದೊಡ್ಡವ್ವ ನನ್ನನ್ನೇ ನೋಡಿದಳು.

‘ನಿನ್ನೆ ಏನ ಕತಿ ಹೇಳಿದ್ನಿ?’

‘ಒಂದ ದಿನದಾಗ ಸೀರಿ ನೇದ ನೇಕಾರಂದು.’

‘ಹೆಂಗ ನೇದ?’

‘ಮಗ್ಗದ ಮ್ಯಾಲ ಹಾಸು ಏರಸಲಾರದ, ಬರೇ ಲಾಳಿ ಆಡಿಸಿ…’ ಅಲ್ಲಿಗೆ ತಪ್ಪು ಹೊಳೆಯಿತು. ಉದ್ದದ ಎಳೆಯೇ ಇಲ್ಲದಿದ್ದರೆ ಅಡ್ಡ ಎಳೆ ಯಾತಕ್ಕೆ ಅಂಟಿ ನಿಂತೀತು? ಹೊತ್ತು ಹುಟ್ಟಿದರೆ ಬಟ್ಟೆ ಕತ್ತರಿಸುವ ನಾನೇ ಅದಕ್ಕೆ ಹ್ಞೂಂ ಅಂದಿದ್ದೆ.

‘ಹಾಸಿಲ್ಲದ ಸೀರಿಗೆ ರಾಮದುರ್ಗದ ನೇಕಾರಾಕಿ ಚೊಲೋ ಆಗೇತಿ ಅಂತಾಳ? ಎಷ್ಟ ದಿನಾ ಆತು ಈ ನಾಟಕ?’

ಎಲ್ಲ ಹೇಳಿದೆ. ಬೈದಿದ್ದರೆ ಹಗುರಾಗುತ್ತಿತ್ತು. ಆಕೆ ಬೈಯಲಿಲ್ಲ. ‘ನೀ ಓದಿದ ಮಂದಿ ಎಲ್ಲಾ ನಿನ್ನಂಗ ಮಾತಾಡ್ತಿದ್ರು. ನಂಗ ಆಗಽ ವಾಸನಿ ಬಂದಿತ್ತು. ಹೋಗ್ಲಿ ಬಿಡು. ಹ್ಞೂಂ ಅನ್ನಾಕಿ ಸಿಗೂ ತನಕಾ ಇನ್ನ ಕತಿ ಇಲ್ಲ’ ಎಂದು ಎಲೆಯಡಿಕೆಯ ಚೀಲದ ದಾರ ಎಳೆದಳು.

ಮೊದಲ ವಾರ ಹಟವೆಂದುಕೊಂಡೆ. ಎರಡನೆಯ ವಾರಕ್ಕೆ ಮಾತುಮಾತಿಗೆ ಬರುತ್ತಿದ್ದ ಗಾದೆಗಳೂ ನಿಂತವು. ‘ಉಂಡ್ಯಾ?’ ‘ಹ್ಞೂಂ.’ ‘ಬಾಗಲಾ ಹಾಕು.’ ಇಷ್ಟೇ. ಎಂಬತ್ತರ ಹತ್ತಿರದ ಬಾಯಿ ಒಮ್ಮೆ ಸುಮ್ಮನಿರುವುದನ್ನು ರೂಢಿಸಿಕೊಂಡರೆ ಮತ್ತೆ ತೆರೆದೀತೆಂದು ಯಾರು ಹೇಳಬೇಕು? ನಾನಾಡುವ ಮಾತಿನ ಬಾವಿ ಅದು. ಅದು ಮುಚ್ಚಿಕೊಳ್ಳುವುದನ್ನು ನೋಡುತ್ತ ಕೂರುವುದು ನನ್ನಿಂದ ಆಗಲಿಲ್ಲ.

ನನ್ನ ಗಿರಾಕಿಗಳಲ್ಲಿ ಕಿತ್ತೂರಿನ ಒಬ್ಬ ಕಂಪ್ಯೂಟರ್ ಸರ್ ಇದ್ದಾರೆ. ಹಳೆಯ ಮನೆಗಳ ಬಾಗಿಲುಗಳ ಫೋಟೊ ತೆಗೆಯುವುದು ಅವರ ಹುಚ್ಚು. ಪ್ಯಾಂಟು ಗಿಡ್ಡ ಮಾಡಿಸಲು ಬಂದವರ ಮುಂದೆ ನನ್ನ ಗೋಳು ಹೇಳಿಕೊಂಡೆ.

‘ಆ ತಾಣ ಅಂದ್ರ ಗೌಡರ ದೊಡ್ಡ ವಾಡೆ ಇದ್ದಂಗರಿ ಅಕ್ಕಾರ’ ಎಂದರು. ‘ನಾವೆಲ್ಲಾ ಒಳಗ ಹೋಗಿ ಕುಂತೇವಿ. ವಾಡೆದವ್ರು ಬಾಗಲಾ ಹಾಕಿದ್ರಂದ್ರ ನಾವು ಬೀದ್ಯಾಗ. ನಮ್ಮ ಗೆಳ್ಯಾರು ಒಳಗ.’

‘ಮತ್ತೇನ ಮಾಡೂದರಿ?’

ಅವರು ನನ್ನ ಸೀಮೆಸುಣ್ಣ ತೆಗೆದುಕೊಂಡು ಕತ್ತರಿಸುವ ಹಲಗೆಯ ಮೇಲೆ ಸಣ್ಣ ಸಣ್ಣ ಚೌಕ ಬರೆದರು. ‘ಇವು ಮನಿ, ಅಂದ್ರ ಸಣ್ಣ ಸಣ್ಣ ತಾಣ. ಬೈಲಹೊಂಗಲಕ್ಕೊಂದು, ಕಿತ್ತೂರಿಗೊಂದು, ರಾಮದುರ್ಗಕ್ಕೊಂದು. ಯಾರ ಮನಿ ಕೀಲಿ ಅವರ ಕಡೆ. ಆದ್ರ ಒಂದ ಮನ್ಯಾಗ ಆಡಿದ ಮಾತು ಎಲ್ಲಾ ಮನಿಗೂ ಕೇಳಬೇಕು. ಒಂದ ಮನಿ ಮನಸಿಗೆ ಸೇರಲಿಲ್ಲಾಂದ್ರ ಇನ್ನೊಂದಕ್ಕ ಹೋಗಬೇಕು, ನಮ್ಮ ಕೇಳೋರು ನಮ್ಮ ಬೆನ್ನಿಗೆ ಬರಬೇಕು. ಹಂಗ ಮಾಡಾಕ ಬರತೈತ್ರಿ. ಬ್ಯಾರೆ ಕಡೆ ಮಾಡ್ಯಾರ. ನಮ್ಮಲ್ಲೆ ಮಂದಿ ಬೇಕಲ್ರೀ.’

ಚೌಕಗಳು ಮೂರು ದಿನ ಹಲಗೆಯ ಮೇಲೆ ಹಾಗೇ ಇದ್ದವು. ಒರೆಸಲು ಮನಸ್ಸಾಗಲಿಲ್ಲ. ನಾಲ್ಕನೆಯ ದಿನ ಅಂಗಡಿಗೆ ಬೀಗ ಹಾಕಿ ರಾಮದುರ್ಗದಾಕೆಯನ್ನು ಹುಡುಕಲು ಬಸ್ಸು ಹತ್ತಿದೆ. ಯರಗಟ್ಟಿಯಲ್ಲಿ ಇಳಿದು ಇನ್ನೊಂದು ಬಸ್ಸು. ಮುಂದೆ ಕಬ್ಬಿನ ಟ್ರ್ಯಾಕ್ಟರು ಆಮೆಯಂತೆ ಹೊರಟಿತ್ತು. ಹಿಂದೆ ನಾನು ಸೀಟಿನ ತುದಿಯಲ್ಲಿ ಕೂತು, ಸಿಕ್ಕದಿದ್ದರೆ ಮನೆಯಲ್ಲಿ ಏನು ಹೇಳಲಿ ಎಂದು ಸೆರಗಿನ ಅಂಚು ಬಿಚ್ಚುತ್ತಿದ್ದೆ.

ರಾಮದುರ್ಗದಲ್ಲಿ ನೇಕಾರರ ಓಣಿ ಕೇಳಿಕೊಂಡು ಹೋದೆ. ಮನೆಮನೆಯಿಂದಲೂ ಮಗ್ಗದ ಸದ್ದು. ಒಂದು ಕಟ್ಟೆಯ ಮೇಲೆ ನಾಲ್ಕೈದು ಹೆಂಗಸರು ರಾಟೆಯಲ್ಲಿ ನೂಲು ಸುತ್ತುತ್ತಿದ್ದರು.

‘ಫೋನಿನ್ಯಾಗ ಕತಿ ಕೇಳಿ ಜಗಳಾ ತಗಿಯೋರು ಇಲ್ಲೆ ಯಾರರಿ?’ ಎಂದೆ.

‘ಕತಿ ಕೇಳಲಾರದನೂ ಜಗಳಾ ತಗಿಯೋರು ಭಾಳ ಮಂದಿ ಅದಾರ್ರೀ. ನಿಮಗ ಎಂಥಾವ್ರು ಬೇಕು, ಆರಿಸಿಕೊಳ್ರಿ’ ಎಂದು ಒಬ್ಬಾಕೆ ನಕ್ಕಳು.

‘ಕುಂಡ್ರಿ, ನೀರ ಕುಡೀರಿ. ಎಂಥಾ ಕತಿ ಅದು?’ ಎಂದಳು ಇನ್ನೊಬ್ಬಾಕೆ.

ದೊಡ್ಡವ್ವನ ಹೆಸರೆತ್ತಲಿಲ್ಲ. ನನ್ನದೇ ಕತೆಯೆಂಬಂತೆ ಒಂದು ದಿನದ ಸೀರೆಯ ಕತೆ ಹೇಳತೊಡಗಿದೆ. ಹ್ಞೂಂ, ಹ್ಞೂಂ ಎನ್ನುತ್ತಿದ್ದರು. ‘ಹಾಸು ಏರಸಲಾರದ’ ಎಂದೆನೋ ಇಲ್ಲವೋ, ಕಟ್ಟೆಗೆ ಕಟ್ಟೆಯೇ ನನ್ನ ಮೇಲೆ ಬಿತ್ತು. ‘ಏ ತಡೀರಿ!’ ‘ಹಾಸಿಲ್ಲದ ಏನ ಹೊಗಿ ನೇದ್ನೇನು?’ ‘ಇಕಿ ಎಂದೂ ಮಗ್ಗಾ ಕಂಡಾಕಿ ಅಲ್ಲ ಬಿಡ್ರಿ!’ ನನ್ನ ಪರೀಕ್ಷೆ ಕೆಟ್ಟಿತು. ನೇಕಾರರ ಓಣಿಯಲ್ಲಿ ಈ ಸುಳ್ಳನ್ನು ಹಿಡಿಯದವರು ಯಾರು? ಒಬ್ಬಳನ್ನು ಹುಡುಕಿಕೊಂಡು ಬಂದವಳಿಗೆ ಓಣಿಯೇ ಸಿಕ್ಕಿತ್ತು. ನಗು ಬಂತು, ಅಳುವೂ ಬಂತು.

ಅಷ್ಟರಲ್ಲಿ ಎದುರು ಮನೆಯ ಮಗ್ಗದ ಸದ್ದು ನಿಂತಿತು. ತೆಳ್ಳನೆಯ ಹೆಂಗಸೊಬ್ಬಳು ಹೊಸ್ತಿಲಿಗೆ ಬಂದು ಸೊಂಟದ ಮೇಲೆ ಕೈಯಿಟ್ಟು ಕೇಳಿಸಿಕೊಂಡಳು. ಆಮೇಲೆ ನನ್ನ ಕಡೆ ನೋಡಿ, ‘ಇದನ್ನ ನಮಗ ಹೇಳಬ್ಯಾಡ್ರಿ. ನಿಮ್ಮ ದೊಡ್ಡವ್ವಗ ಕೇಳ್ರಿ’ ಎಂದಳು.

ನೀರಿನ ತಂಬಿಗೆ ಕೆಳಗಿಟ್ಟು ಎದ್ದು ಆಕೆಯ ಹೊಸ್ತಿಲಿಗೆ ಹೋದೆ.

ಚಹಾ ಕುಡಿಯುವಾಗ ಆಕೆಯದೇ ದೂರು. ‘ಕತ್ಯಾಗ ಸುಳ್ಳ ಕೂಡಿಸೂದ ಕೇಳೇ ನಿಮ್ಮ ಗುರ್ತ ಸಿಕ್ತು. ಒಮ್ಮಿಂದೊಮ್ಮೆ ಮಾಯ ಆದ್ರಿ. ದೊಡ್ಡವ್ವಗ ನಮ್ಮ ಮ್ಯಾಲ ಸಿಟ್ಟ ಬಂತು ಅನಕೊಂಡಿದ್ದೆ.’ ನಾನು ಉತ್ಸಾಹದಲ್ಲಿ ಸರ್ ಹೇಳಿದ್ದೆಲ್ಲ ಹೇಳಿದೆ. ಮೂರು ಚೌಕ ಯಾಕೆ, ಬೈಲಹೊಂಗಲದಲ್ಲೇ ದೊಡ್ಡದೊಂದು ಮನೆ ಕಟ್ಟುತ್ತೇನೆ, ಎಲ್ಲರೂ ಬಂದುಬಿಡಿ, ನಾನೇ ನೋಡಿಕೊಳ್ಳುತ್ತೇನೆ ಎಂದೂ ಸೇರಿಸಿದೆ.

ಆಕೆ ಚಹಾದ ಬಸಿ ಕೆಳಗಿಟ್ಟಳು. ‘ನಾಳೆ ನಿಮಗ ಸಿಟ್ಟ ಬಂದು ಬಾಗಲಾ ಹಾಕಿದ್ರ?’

‘ನಾ ಯಾಕ ಹಾಕಲಿರಿ!’

‘ಅವರೂ ಮೊದಲ ಹಂಗಽ ಅಂದಿರಬೇಕಲ್ರೀ. ನಮ್ಮ ಓಣಿ ಕೀಲಿ ನಮ್ಮ ಕಡೆ ಇರ್ಲಿ. ನೀವು ಬರ್ರಿ, ಕುಂಡ್ರಿ, ನಾವೂ ಬರತೇವಿ. ಆದ್ರ ಕೀಲಿ ಬ್ಯಾರೆ.’

ಮುಖ ಸಣ್ಣದಾಯಿತು. ಖಾಲಿ ಪರದೆ ನೋಡಿ ಕಟ್ಟಿದ ಆ ಊರಿನಲ್ಲೂ ನಾನೊಬ್ಬಳೇ ಗೌಡ್ತಿಯಾಗಿದ್ದೆ ಎಂಬುದು ಬಸ್ಸಿನಲ್ಲಿ ಮರಳುವಾಗ ಹೊಳೆಯಿತು.

ಈಗ ಸರ್ ಕೂತು ಮೂರು ಸಣ್ಣ ಮನೆಗಳನ್ನು ಎಬ್ಬಿಸಿದ್ದಾರೆ. ಸವದತ್ತಿಯ ಒಬ್ಬ ಭಜನೆಯವರು ನಾಲ್ಕನೆಯದನ್ನು ಕೇಳಿದ್ದಾರೆ. ಎಲ್ಲ ಸೇರಿದರೂ ಒಂದು ಟೆಂಪೊ ತುಂಬುವಷ್ಟು ಜನವಿಲ್ಲ. ಚಿತ್ರ ಒತ್ತಿ ಓಡುವ ಗುಂಡಿಯನ್ನು ಇಡಲಿಲ್ಲ. ಕೇಳಿದವರು ಒಂದು ಮಾತಾದರೂ ಬರೆಯಬೇಕು. ಜಗಳ ಬೈಗಳಕ್ಕೆ ತಿರುಗಿದರೆ ತಡೆಯುವವರು ಯಾರು, ಯಂತ್ರ ಕೆಟ್ಟ ದಿನ ಯಾರ ಬಾಗಿಲು ತಟ್ಟುವುದು, ಇನ್ನೂ ಗೊತ್ತಿಲ್ಲ. ಈ ಕೂಸು ಉಳಿದೀತೋ ಇಲ್ಲವೋ ಎಂದು ನನ್ನ ಕಾಲು ಈಗಲೂ ಮೆಷಿನ್ನಿನ ಮೇಲೆ ನಿಲ್ಲುವುದಿಲ್ಲ.

ರಾಮದುರ್ಗದಾಕೆಯೂ ಈ ಮನೆಗಳಿಗೆ ಬಂದಳೆಂದು ಹೇಳಿದ ಮೇಲೆ, ಮೊನ್ನೆ ಮಧ್ಯಾಹ್ನ ದೊಡ್ಡವ್ವ ಬಾಯಿ ತೆರೆದಳು. ಫೋನು ಹಿಡಿದು ಕೂತೆ. ಹೊಲಕ್ಕೆ ಚರಗ, ಅಂದರೆ ಭೂಮಿತಾಯಿಯ ಎಡೆ, ಚೆಲ್ಲಲು ಹೋದ ಸೊಸೆಯೊಬ್ಬಳು ದಾರಿ ತಪ್ಪಿದ ಕತೆ. ‘ಎಳ್ಳಮಾಸಿ ದಿನಾ. ಹೊತ್ತ ಮುಳಗೂ ಮುಂದ ಹಾದಿ ತಪ್ಪೇತಿ. ಅಷ್ಟರಾಗ ಗಂಗಾಳದಂಥಾ ಚಂದ್ರಾಮ ಎದ್ದ ನೋಡು…’

‘ತಡಿ ಬೇ!’ ಎಂದೆ. ಎಳ್ಳಮಾವಾಸ್ಯೆಯ ದಿನ ಎಲ್ಲಿಯ ಚಂದ್ರ?

ಆಕೆ ಕೈಯೆತ್ತಿ ನನ್ನ ಬಾಯಿ ಮುಚ್ಚಿಸಿದಳು. ಕಣ್ಣುಗಳು ಹೊಳೆಯುತ್ತಿದ್ದವು. ‘ಹಿಡದಿ, ಶಾಣ್ಯಾಕಿ. ಈಗ ಬಾಯಿ ಮುಚಗೊಂಡ ಹ್ಞೂಂ ಅನ್ನು. ರಾಮದುರ್ಗದಾಕಿ ಹಿಡಿತಾಳೋ ಇಲ್ಲೋ ನೋಡೂಣು.’

ಕತೆ ಹಾಕಿ ಎರಡು ದಿನವಾಯಿತು. ಅಂಚು ಹೊಲಿಯುತ್ತೇನೆ, ಫೋನು ನೋಡುತ್ತೇನೆ. ಆಕೆಯ ಹೆಸರಿನಲ್ಲಿ ನಾನೇ ಒಂದು ಸಾಲು ಓದಿಬಿಟ್ಟರೆ ಹೇಗೆಂದು ನಾಲಿಗೆ ತುರಿಸಿದ್ದೂ ಸುಳ್ಳಲ್ಲ. ಇವತ್ತು ಊಟಕ್ಕೆ ಹೋದಾಗ ದೊಡ್ಡವ್ವ ಗೋಡೆಗೆ ಒರಗಿ ಕೂತಿದ್ದಳು.

‘ಬಂತೇನವ್ವಾ?’

‘ಇನ್ನೂ ಇಲ್ಲ ಬೇ’ ಎಂದೆ.

‘ಬರ್ಲಿ ತಗೋ. ಮಗ್ಗದ ಮ್ಯಾಲ ಇರಬೇಕು’ ಎಂದು ರೊಟ್ಟಿಯ ಬುಟ್ಟಿ ನನ್ನ ಕಡೆ ಸರಿಸಿದಳು.