ಅರ್ಥವಿಲ್ಲದ ಫೈಲು

ಮನೆಯ ಕಂಪ್ಯೂಟರ್ ತಾನಾಗಿ ಆರಿ ತಾನಾಗಿ ಹೊತ್ತಿಕೊಳ್ಳಲು ಶುರುವಾಗಿ ವಾರವಾಗಿತ್ತು. ಯಜಮಾನರು ತೇನಿಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ತಮ್ಮ ಅಣ್ಣನ ಅಳಿಯನನ್ನು ಕರೆಸಿದರು. ತಮಿಳುನಾಡಿನ ನಮ್ಮೂರು ಕಾಮಯಗೌಂಡನ್‌ಪಟ್ಟಿಯ ಮಟಮಟ ಮಧ್ಯಾಹ್ನ ಆತ ಟೈ ಕಟ್ಟಿಕೊಂಡು ಬಂದ. ಪೆಟ್ಟಿಗೆ ಬಿಚ್ಚಿ, ಒಳಗಿಂದೊಂದು ಮೆಮೊರಿ ಪಟ್ಟಿ ಕಿತ್ತು, ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಉಫ್ ಎಂದು ಊದಿದ. ತುಂತುರು ಉಗುಳೂ ಹಾರಿತು. ನಮ್ಮ ಕಾನ್ವೆಂಟಿನಲ್ಲಾಗಿದ್ದರೆ ಸಿಸ್ಟರ್ ಇದಕ್ಕೆ ಬೆರಳ ಗೆಣ್ಣಿಗೆ ಬಾರಿಸುತ್ತಿದ್ದರು. ಇಲ್ಲಿ ಇದಕ್ಕೆ ಸರ್ವಿಸ್ ಎಂದು ಹೆಸರು.

ಮೂರು ಸಲ ಊದಿದರೂ ಅದು ಕೇಳಲಿಲ್ಲ.

"ಕವಲೆ ಬೇಡ, ಚಿಂತೆ ಬಿಡಿ ಅತ್ತೆ. ಫಾರ್ಮಟ್ ಹೊಡ್ದು ಹೊಸ ಓಎಸ್ ಹಾಕ್ಬುಟ್ರೆ ಕುದ್ರೆ ಹಂಗೆ ಓಡ್ತದೆ."

"ಒಳಗಿರೋದೆಲ್ಲ?"

"ಮುಖ್ಯವಾದ್ದೆಲ್ಲ ಸಿಡಿಗೆ ಎತ್ತಿಟ್ಟೇ ಒರೆಸೋದು."

"ಮಾಪಿಳ್ಳೆಗೆ ಗೊತ್ತಿಲ್ದಾ? ನೀ ಹೋಗಿ ಕಾಪಿ ತಾ," ಎಂದರು ಯಜಮಾನರು, ಅಳಿಯನ ಬೆನ್ನು ತಟ್ಟುತ್ತಾ.

ಕಾಫಿ ತಂದೆ. ಮುಖ್ಯವಾದದ್ದು ಯಾವುದೆಂದು ಹೇಳದೆ ಹೋದದ್ದು ನನ್ನ ಮೂರ್ಖತನ.

ಅರವತ್ತರ ದಶಕದಲ್ಲಿ ನಾನು ಸೊಸೆಯಾಗಿ ಬಂದ ಹೊಸತರಲ್ಲಿ ನನ್ನ ಅತ್ತೆ ರಾಗಿ ಬೀಸುತ್ತಾ ಹಾಡುತ್ತಿದ್ದ ಹಾಡುಗಳನ್ನು ಗೆರೆಯ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ. ನಾವು ಮನೆಯಲ್ಲಿ ಆಡುವುದು ಕನ್ನಡ, ಓದುವುದು ತಮಿಳು. ಮಂಗಳೂರಿನ ಸಿಸ್ಟರೊಬ್ಬರ ದಯೆಯಿಂದ ನನಗೆ ಕನ್ನಡ ಅಕ್ಷರ ಬರುತ್ತದೆ, ಮೊಮ್ಮಕ್ಕಳಿಗೆ ಬಾರದು. ಅವರು ಓದಲೆಂದು ಆ ಹಾಡುಗಳನ್ನೆಲ್ಲ ತಮಿಳಕ್ಷರದಲ್ಲಿ ಕಂಪ್ಯೂಟರಿಗೆ ಹೊಡೆದಿದ್ದೆ. ಆಮೇಲೆ ನೋಟ್‌ಬುಕ್ಕನ್ನು, ಇನ್ನು ಈ ಕಸ ಯಾಕೆಂದು, ಯಜಮಾನರು ನೀರೊಲೆಗೆ ಹಾಕಿದ್ದರು.

ಎರಡನೆಯ ಕಾಫಿ ಹೊತ್ತಿಗೆ ಹೊಸ ಪರದೆ ನೀಲಿಯಾಗಿ ಹೊಳೆಯುತ್ತಿತ್ತು. ಮದುವೆಯ ಫೋಟೋಗಳಿದ್ದವು. ಯಜಮಾನರು ನಾನಾ ಕೋನಗಳಿಂದ ತೆಗೆದ ತಮ್ಮ ತೋಟದ ಪನ್ನೀರ್ ದ್ರಾಕ್ಷಿಯ ಗೊಂಚಲುಗಳೂ ಇದ್ದವು. ಹಾಡುಗಳು ಮಾತ್ರ ಇರಲಿಲ್ಲ. ನಾನು ಹೊಡೆದಿಟ್ಟ ಫೈಲೆಲ್ಲಿ ಎಂದು ಕೇಳಿದೆ.

"ಓ, ಅದಾ? ಅದನ್ನ ವೈರಸ್ ತಿಂದಿತ್ತು ಅತ್ತೆ," ಎಂದ, ನನ್ನನ್ನು ಕಾಪಾಡಿದವನ ಗತ್ತಿನಲ್ಲಿ. "ಅಕ್ಷರ ತಮಿಳು, ಒಂದು ಮಾತಿಗೂ ಅರ್ಥ ಇಲ್ಲೆ. ಅದ್ಕೇ ಬಿಟ್ಬುಟ್ಟೆ. ಇನ್ನು ವಾಪಸ್ ಬರಾದಿಲ್ಲ."

"ಏನಿತ್ತು ಅದರಲ್ಲಿ?"

ಆತ ನಗುತ್ತಲೇ ಒದರಿದ: "ಏಳು ಹೊಳೆ ದಾಂಟಿ ಬಂದೋ, ದನ ಕಟ್ಟ ನೆಳಲಿಲ್ಲೆ..."

ಅರ್ಧ ದಾರಿಯಲ್ಲಿ ಅವನ ದನಿ ತಾನಾಗಿ ರಾಗಕ್ಕೆ ಹೊರಳಿತು. ನಗು ನಿಂತಿತು. ಟೈ ಸಡಿಲಿಸಿಕೊಂಡ. ಹುಟ್ಟಿದಂದಿನಿಂದ ಆಡಿದ ಮಾತನ್ನೇ ತಮಿಳು ಬರಹದಲ್ಲಿ ಕಂಡು ರೋಗವೆಂದುಕೊಂಡ ಈ ಪಂಡಿತನಿಗೆ ತೇನಿಯಲ್ಲಿ ಗಾಜಿನ ಬಾಗಿಲಿನ ಅಂಗಡಿ ಬೇರೆ.

"ನಮ್ಮ ಅವ್ವ ಹಾಡೋದಲ್ವ ಇದು?"

"ಮುಂದಿನ ಸಾಲು?"

"ತೆರಿಯಾದು ಅತ್ತೆ... ಗೊತ್ತಿಲ್ಲೆ."

ನನಗೆ ಗೊತ್ತಿತ್ತು, ಹೇಳಲಿಲ್ಲ. ಆದರೆ ಅದರಾಚೆಯ ಎಷ್ಟೋ ಹಾಡುಗಳು ನನಗೂ ಮರೆತಿದ್ದವು. ಓಡೈಪಟ್ಟಿಯಲ್ಲಿರುವ, ಅವನು ಅವ್ವ ಎಂದು ಕರೆಯುವ ಅಜ್ಜಿಗೆ ಫೋನ್ ಮಾಡಿಸಿದೆ. ಕಿವಿ ಮಂದವಾದ ಆಕೆಯ ದನಿ ಪಡಸಾಲೆಗೆಲ್ಲ ಕೇಳಿಸಿತು.

"ಪಾಟಾ? ಹಾಡಾ? ಮಡ್ಲಾಗೆ ಮಲಗ್ಸಿ ಹಾಡ್ದಾಗ ಉಚ್ಚೆ ಹೊಯ್ಕಂಡು ಮಲಗ್ದವ್ನೇ, ಈವಾಗ ಕೇಳ್ತೀಯಾ? ಬರ್ಕೋ!"

ಕಂಪ್ಯೂಟರಿಗೆ ಹೊಡೆದ, ಎರಡೇ ಬೆರಳಲ್ಲಿ. ಯಜಮಾನರು ಫೋನ್ ಹಿಡಿದು ನಿಂತಿದ್ದರು. ಸಂಜೆಯವರೆಗೆ ಆರು ಹಾಡು ಬಂದವು. ಏಳನೆಯದಕ್ಕೆ ಅಜ್ಜಿ ತಡವರಿಸಿ, ನನ್ನನ್ನು ಕರೆದು, "ಇದು ಸತ್ತೋದ ನಿಮ್ಮತ್ತೆಗೇ ಗೊತ್ತಿದ್ದದ್ದು ಕಣೆ," ಎಂದಳು.