ಮಾಪ್ ಕೋಲಿನ ಪರೀಕ್ಷೆ

ಓದಿದವರು ಕಂಡದ್ದಕ್ಕೆಲ್ಲ ಪಟ್ಟಿ ಮಾಡಿ ಅಂಕ ಹಾಕುತ್ತಾರೆ. ನಾನಿರುವ ಈ ಪರದೇಶದ ಊರಿನಲ್ಲಿ, ಬ್ಯೂನಾ ವಿಸ್ಟಾದ ಕಾಂಡೋ ಅಪಾರ್ಟ್‌ಮೆಂಟಿನಲ್ಲಿರುವ ಬ್ಯಾಂಕಿನ ಅಧಿಕಾರಿಯೊಬ್ಬರು ರೈಫಲ್ಲಿಗೂ ಹಾಗೆಯೇ ಅಂಕ ಹಾಕಿಕೊಂಡು ಕೂತಿದ್ದರು. ಅವರ ಬಾಸ್ ತನ್ನ ತಂಡವನ್ನೆಲ್ಲ ಜಿಂಕೆ ಬೇಟೆಗೆಂದು ನ್ಯೂಜಿಲೆಂಡಿಗೆ ಹೊರಡಿಸಿದ್ದ. ಹೆಂಡತಿಯರೂ ಬರಬಹುದಂತೆ. ರೈಫಲ್ಲನ್ನು ಅಲ್ಲಿನ ಕ್ಯಾಂಪಿನವರೇ ಕೊಡುತ್ತಾರೆ. ನಾಲ್ಕು ಬಗೆಯಲ್ಲಿ ಒಂದನ್ನು ಆರಿಸಿ ಮೊದಲೇ ತಿಳಿಸಬೇಕು. ಈ ಮನುಷ್ಯ ಜೀವಮಾನದಲ್ಲಿ ಕೋವಿ ಮುಟ್ಟಿದವರಲ್ಲ. ನಾನು ಕೊಡಗಿನವನೆಂದು ಕನ್ನಡದವರ ಕೂಟದಲ್ಲಿ ಯಾರೋ ಹೇಳಿದ್ದರಿಂದ ಒಂದು ಭಾನುವಾರ ಮನೆಗೆ ಕರೆದರು.

ನಾನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು. ಈಗ ಇದೇ ಊರಿನ ಸೆಲೆಟಾರಿನಲ್ಲಿ ವಿಮಾನದ ರೆಕ್ಕೆಗೆ ತಗಡು ಕೂರಿಸುತ್ತೇನೆ. ಅದಕ್ಕೂ ಮೊದಲು ವಿರಾಜಪೇಟೆಯಲ್ಲಿ ಕೋವಿ ಮಾರಿ ರಿಪೇರಿ ಮಾಡುವ ಅಂಗಡಿಯೊಂದರಲ್ಲಿ ಹನ್ನೊಂದು ವರ್ಷ ದುಡಿದಿದ್ದೆ. ಅಲ್ಲಿ ನಮ್ಮ ಯಜಮಾನರದೊಂದು ಕ್ರಮವಿತ್ತು. ಕೋವಿ ಕೇಳಿಕೊಂಡು ಹೊಸಬ ಯಾರೇ ಬರಲಿ, ಹಿತ್ತಲಿನಲ್ಲಿ ತೆಂಗಿನಕಾಯಿಗೆ ಗುರಿ ಇಡಿಸುತ್ತಿದ್ದರು. ಎರಡು ಸಲ ನಿಜವಾದ ತೋಟಾ ಹಾಕಿ, ಮೂರನೆಯ ಸಲ ಹೇಳದೆ ಖಾಲಿ ತೋಟಾ ಹಾಕುತ್ತಿದ್ದರು. ಸದ್ದೇ ಇಲ್ಲದ ಆ ಮೂರನೆಯದಕ್ಕೆ ಕಣ್ಣು ಮುಚ್ಚಿತೋ, ಹೆಗಲು ಹಾರಿತೋ, ಮುಗಿಯಿತು. ಎಷ್ಟು ಎಕರೆ ಕಾಫಿ ತೋಟದ ಧಣಿಯಾದರೂ ಅವನಿಗೆ ದೊಡ್ಡ ಕೋವಿ ಇಲ್ಲ. ಕೋವಿಯ ಒದೆತಕ್ಕೆ ಹೆದರುವವನ ಗುಂಡು ಪ್ರಾಣಿಯ ಎದೆಗೆ ಹೋಗುವುದಿಲ್ಲ, ಹೊಟ್ಟೆಗೋ ತೊಡೆಗೋ ಬೀಳುತ್ತದೆ, ಆಮೇಲೆ ಅದು ಎಲ್ಲೋ ಪೊದೆಯಲ್ಲಿ ಮೂರು ದಿನ ನರಳಿ ಸಾಯುತ್ತದೆ ಎನ್ನುತ್ತಿದ್ದರು.

ಬ್ಯಾಂಕಿನವರು ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದರು. ತೂಕ, ದೂರ, ಗುಂಡಿನ ವೇಗ, ಬ್ರ್ಯಾಂಡ್, ರಿವ್ಯೂ, ಎಲ್ಲಕ್ಕೂ ಒಂದೊಂದು ಕಾಲಮ್. ಅವರ ಹೆಗಲಿಗೆ ಮಾತ್ರ ಕಾಲಮ್ ಇರಲಿಲ್ಲ. ಹೆಚ್ಚು ಅಂಕ ಬಂದಿದ್ದು ನಾಲ್ಕರಲ್ಲಿ ಅತಿ ದೊಡ್ಡದಕ್ಕೆ, ಕತ್ತೆಯಂತೆ ಒದೆಯುವ ಮ್ಯಾಗ್ನಮ್ಮಿಗೆ.

ಮನೆಯಲ್ಲಿ ಮಾಪ್ ಇದೆಯೇ ಎಂದು ಕೇಳಿದೆ. ಅವರ ಹೆಂಡತಿ ನಗುತ್ತಾ ತಂದುಕೊಟ್ಟರು. ಕೋಲಿನ ಒಂದು ತುದಿಯನ್ನು ಬ್ಯಾಂಕಿನವರ ಹೆಗಲಿಗೆ ಆನಿಸಿ, ಬಾಲ್ಕನಿಯ ತುಳಸಿ ಕುಂಡ ನೋಡಲು ಹೇಳಿ, ಇನ್ನೊಂದು ತುದಿಗೆ ನನ್ನ ಅಂಗೈ ಇಟ್ಟೆ. ನಾನು ಹೂಂ ಅಂದಾಗ ಟ್ರಿಗರ್ ಎಳೆದಂತೆ ಬೆರಳು ಮಡಿಸಬೇಕು. ಎರಡು ಸಲ ಹೂಂ ಅಂದು ಜೋರಾಗಿ ತಳ್ಳಿದೆ. ಮೂರನೆಯ ಸಲ ಹೂಂ ಅಂದೆ, ತಳ್ಳಲಿಲ್ಲ. ಎರಡು ಕಣ್ಣೂ ಗಟ್ಟಿಯಾಗಿ ಮುಚ್ಚಿದ್ದವು. ಹೆಗಲು ಕಿವಿಯವರೆಗೆ ಹಾರಿತ್ತು. ಇಷ್ಟು ಸಂಬಳದ ಮನುಷ್ಯ, ಒಂದು ಕೋಲಿಗೆ.

ಹೆಂಡತಿ ತಾನೂ ನೋಡುತ್ತೇನೆಂದು ಕೋಲು ತೆಗೆದುಕೊಂಡರು. ಮೂರು ಸಲವೂ ಅವರ ಕಣ್ಣು ಕುಂಡದ ಮೇಲೇ ಇತ್ತು.

ಪಟ್ಟಿಯ ಕೊನೆಯಲ್ಲಿದ್ದ ರೈಫಲ್ಲಿನ ಮೇಲೆ ಬೆರಳಿಟ್ಟೆ. ಸಣ್ಣ ತೋಟಾ, ಮೆತ್ತಗಿನ ಒದೆತ, ಹೊಸಬರಿಗೆ ಹೇಳಿ ಮಾಡಿಸಿದ್ದು. ಜಿಂಕೆಗೆ ಅದು ಧಾರಾಳ ಸಾಕು ಎಂದೆ.

"ಅದು ಲೇಡೀಸ್‌ಗೆ, ಮಕ್ಕಳಿಗೆ ಅಂತ ರಿವ್ಯೂನಲ್ಲಿದೆ ಅಂಕಲ್. ಬಾಸ್ ಮ್ಯಾಗ್ನಮ್ ಬುಕ್ ಮಾಡಿದಾರೆ. ನಾನು ಇದನ್ನ ಹಿಡ್ಕೊಂಡು ಅವರ ಪಕ್ಕ ನಿಂತ್ಕೊಳ್ಲಾ?"

"ಜಿಂಕೆ ರಿವ್ಯೂ ಓದಲ್ಲ ಸಾರ್."

ಹೆಂಡತಿ ನಕ್ಕರು. ಗಂಡನಿಗೆ ಅದು ಹಿಡಿಸಲಿಲ್ಲ.

"ಏನೇ ಅಂದ್ರೂ ಇದು ಮಾಪ್ ಅಲ್ವಾ ಅಂಕಲ್. ರಿಯಲ್ ಗನ್ ಬೇರೇನೇ ಇರುತ್ತೆ."

ಹನ್ನೊಂದು ವರ್ಷ ಕೋವಿಗೆ ಮರದ ಹಿಡಿ ಕೆತ್ತಿದವನಿಗೆ ಈ ಮಾತು. ಮೈ ಉರಿಯಿತು. "ನಿಮ್ಮಿಷ್ಟ ಸಾರ್" ಎಂದೆ. ಗುಂಡಿ ಒತ್ತಿದರೆ ಸುರಿಯುವ ಮೆಷಿನ್ನಿನ ಕಾಫಿ ಕೊಟ್ಟರು, ಅರ್ಧ ಬಿಟ್ಟು ಸೆಂಗ್‌ಕಾಂಗಿನ ನನ್ನ ಮನೆಗೆ ಬಂದೆ.

ಅವರು ಮರಳಿ ಬಂದ ಮೇಲೆ ಮತ್ತೊಮ್ಮೆ ಊಟಕ್ಕೆ ಕರೆದರು. ಬಲ ಹುಬ್ಬಿನ ಮೇಲೆ ಅರ್ಧಚಂದ್ರದಂಥ ಗಾಯ, ಹೊಲಿಗೆಯ ಗುರುತು. ರೈಫಲ್ ಒದ್ದು ಅದರ ದುರ್ಬೀನು ಹುಬ್ಬಿಗೆ ಬಡಿದದ್ದೆಂದು ನೋಡಿದ ಕೂಡಲೇ ಗೊತ್ತಾಯಿತು. ಬಂದಿದ್ದ ಗೆಳೆಯರಿಗೆ ಅವರು ಅದನ್ನು ಯುದ್ಧದಲ್ಲಿ ಆದ ಗಾಯದಂತೆ ತೋರಿಸುತ್ತಿದ್ದರು. ದೊಡ್ಡ ಟಿವಿಯಲ್ಲಿ ವಿಡಿಯೋ ಹಾಕಿದರು. ಗುಂಡು ಹಾರಿತು, ಜಿಂಕೆಯ ಹಿಂಭಾಗ ಕುಸಿಯಿತು, ಎದ್ದು ಪೊದೆಯೊಳಗೆ ನುಗ್ಗಿತು. ವಿಡಿಯೋ ಅಲ್ಲಿಗೆ ನಿಂತಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಜಿಂಕೆಗೆ ಎಲ್ಲಿ ಬಿತ್ತು ಎಂದು ಒಬ್ಬನೂ ಕೇಳಲಿಲ್ಲ.

ನಾನು ಚಪ್ಪಲಿ ಮೆಟ್ಟುತ್ತಿದ್ದಾಗ ಅವರ ಹೆಂಡತಿ ಬಾಗಿಲ ಬಳಿ ಬಂದರು.

"ಆ ಜಿಂಕೆ ಸಿಗಲೇ ಇಲ್ಲ ಅಂಕಲ್. ಇವರ ರಕ್ತ ನಿಲ್ಲಲಿಲ್ಲ ಅಂತ ಎಲ್ಲರೂ ವಾಪಸ್ ಬಂದ್ವಿ. ಮರುದಿನ ಬೆಳಿಗ್ಗೆ ಗೈಡ್ ಹುಡುಕಿದನಂತೆ."

ಲಿಫ್ಟಿನ ಕನ್ನಡಿಯಲ್ಲಿ ನನ್ನ ಮುಖ ನೋಡಿಕೊಂಡೆ. ಆ ಮನೆಯೊಳಗಿದ್ದವರನ್ನು ಬೈಯಲು ಮಾತುಗಳಿಗೇನೂ ಕಡಿಮೆ ಇರಲಿಲ್ಲ. ಆದರೆ ಪರೀಕ್ಷೆ ಮಾಡಿದವನು ನಾನು, ಉತ್ತರ ಕಂಡವನೂ ನಾನು. ನಮ್ಮ ಯಜಮಾನರಾಗಿದ್ದರೆ ನೀನು ದೊಡ್ಡ ಕೋವಿ ಮುಟ್ಟಬೇಡ ಎಂದು ಮುಖಕ್ಕೆ ಹೇಳಿ ಕಳಿಸುತ್ತಿದ್ದರು. 'ನಿಮ್ಮಿಷ್ಟ ಸಾರ್' ಎಂಬ ಮಾತನ್ನು ಆ ಹನ್ನೊಂದು ವರ್ಷದಲ್ಲಿ ಅವರ ಬಾಯಲ್ಲಿ ನಾನು ಒಮ್ಮೆಯೂ ಕೇಳಿಲ್ಲ.