ನಲ್ಲಿ ನೀರಿನ ಭಾನುವಾರ

ಆಗೆಲ್ಲ ನಮ್ಮ ಮನೆಯಲ್ಲಿ ಭಾನುವಾರ ಶುರುವಾಗುತ್ತಿದ್ದುದು ಶನಿವಾರ ಮಧ್ಯಾಹ್ನವೇ. ಸೂರ್ಯ ಮುಳುಗುವುದರೊಳಗೆ ಮಾರನೆಯ ದಿನದ ಕೆಲಸವೆಲ್ಲ ಮುಗಿದಿರಬೇಕು ಎಂಬುದು ಅಜ್ಜಿಯ ಕಟ್ಟಪ್ಪಣೆ. ಅವ್ವ ಒಲೆಯ ಮುಂದೆ ಕೂತು ರೊಟ್ಟಿ ಬಡಿದು ಬಡಿದು ಬಿಳಿ ಬಟ್ಟೆಯಲ್ಲಿ ಸುತ್ತಿಡುತ್ತಿದ್ದಳು. ಬೆಳ್ಳುಳ್ಳಿ ಒಗ್ಗರಣೆಯ ಘಮ ಬೀದಿಗೆಲ್ಲ ಹೋಗುತ್ತಿತ್ತು. ಬಾಚಣಿಗೆ ಹಿಡಿಯುವುದೂ ಕೆಲಸವೇ ಆದ್ದರಿಂದ ನನ್ನ ಜಡೆಯನ್ನು ಶನಿವಾರ ಸಂಜೆಯೇ ಹೆಣೆಯಲಾಗುತ್ತಿತ್ತು. ಅದು ಭಾನುವಾರದ ಆರಾಧನೆಯವರೆಗೂ ಬಾಳಬೇಕಲ್ಲ, ಹಾಗಾಗಿ ಎಷ್ಟು ಬಿಗಿಯಾಗಿರುತ್ತಿತ್ತೆಂದರೆ ನನ್ನ ಹುಬ್ಬುಗಳು ಮೇಲಕ್ಕೆದ್ದು, ರಾತ್ರಿಯಿಡೀ ಯಾವುದೋ ಆಶ್ಚರ್ಯದಲ್ಲೇ ನಿದ್ದೆ ಮಾಡುತ್ತಿದ್ದೆ.

ಅಜ್ಜಿ ಎಂದರೆ ನಮ್ಮ ಅಪ್ಪನ ಅವ್ವ. ತಾತ ಉಪದೇಶಿಯಾಗಿದ್ದವನು, ತ್ಯಾವಣಿಗೆಯ ಕಡೆಯ ಹಳ್ಳಿಗಳಿಗೆಲ್ಲ ನಡೆದೇ ಹೋಗಿ ಪ್ರಾರ್ಥನೆ ನಡೆಸುತ್ತಿದ್ದನಂತೆ. ಅವನು ಹೋದಮೇಲೆ ಮನೆಯ ಧರ್ಮವೆಲ್ಲ ಅಜ್ಜಿಯ ಹೆಗಲಿಗೆ ಬಿದ್ದಿತ್ತು. ಚನ್ನಗಿರಿಯಲ್ಲಿ ನಾವು ಕ್ರೈಸ್ತರು ಬೆರಳೆಣಿಕೆಯ ಮನೆಗಳವರು. ಪಾದ್ರಿ ಅಯ್ಯನವರು ದಾವಣಗೆರೆಯಿಂದ ಬಸ್ಸಿನಲ್ಲಿ ಬಂದು ಆರಾಧನೆ ನಡೆಸಿ ಹೋಗುತ್ತಿದ್ದರು. ಆ ಬಸ್ಸಿನಲ್ಲಿ ಎಷ್ಟೋ ಸಲ ನಮ್ಮಪ್ಪನೇ ಕಂಡಕ್ಟರು. ಅವನ ಭಾನುವಾರದ ಡ್ಯೂಟಿಗೆ ಅಜ್ಜಿಯ ತಕರಾರಿರಲಿಲ್ಲ. "ಬಸ್ ಬರ್ದಿದ್ರೆ ಅಯ್ಯನೋರು ಹೆಂಗೆ ಬರ್ತಾರೆ" ಎನ್ನುತ್ತಿದ್ದಳು. ಉಂಡ ತಟ್ಟೆ ತೊಳೆಯುವುದಕ್ಕೂ ಸಬ್ಬತ್ತು, ಎಂದರೆ ಕರ್ತನ ದಿನ ಯಾರೂ ದುಡಿಯಬಾರದೆಂಬ ಆಜ್ಞೆ, ಅಡ್ಡ ಬರುತ್ತಿರಲಿಲ್ಲ, ಏಕೆಂದರೆ ಅದನ್ನು ತೊಳೆಯುತ್ತಿದ್ದವಳು ಅವ್ವ.

ಹೀಗೆ ಎಲ್ಲ ಸುಸೂತ್ರವಾಗಿ ನಡೆದಿತ್ತು. ಒಂದು ಬೇಸಿಗೆಯಲ್ಲಿ ನಮ್ಮ ಬೀದಿಯ ನಲ್ಲಿಯ ಸರದಿ ಭಾನುವಾರ ಬೆಳಿಗ್ಗೆಗೆ ಬಂದು ನಿಂತಿತು. ಬಿಟ್ಟರೆ ಮುಂದಿನ ಭಾನುವಾರವೇ. ಬೀದಿಯವರೆಲ್ಲ ಕೊಡಗಳನ್ನು ಸಾಲಾಗಿಟ್ಟು ವಾರದ ನೀರು ಹಿಡಿಯುವಾಗ ನಮ್ಮ ಕೊಡಗಳು ಮಾತ್ರ ಅಡಿಗೆಮನೆಯಲ್ಲಿ ಬೋರಲು ಬಿದ್ದಿರುತ್ತಿದ್ದವು. ಕರ್ತನ ದಿನ ನೀರು ಹೊರಬಾರದು ಎಂದರೆ ಹೊರಬಾರದು. ಹಾಗಾಗಿ ಅವ್ವ ಶನಿವಾರ, ಮತ್ತೆ ನಡುವಾರದಲ್ಲೂ, ಸಂತೆ ಮೈದಾನದ ಆಚೆಯ ಬೋರಿನ ಹತ್ತಿರ ಹೋಗಿ ಹ್ಯಾಂಡಲ್ ಜಗ್ಗಿ ನೀರು ತರತೊಡಗಿದಳು. ತಲೆಯ ಮೇಲೊಂದು, ಸೊಂಟದಲ್ಲೊಂದು. ಹಿಂದೆ ನಾನು ನನ್ನ ಪುಟ್ಟ ಬಿಂದಿಗೆ ಹಿಡಿದು ಅರ್ಧ ನೀರನ್ನು ಲಂಗಕ್ಕೇ ಕುಡಿಸುತ್ತ ಬರುತ್ತಿದ್ದೆ.

ಅವ್ವ ಆಗ ಬಸುರಿ. ಹಿಂದಿನ ವರ್ಷ ಒಂದು ಬಸಿರು ನಿಂತಿರಲಿಲ್ಲ. ಆ ಮಾತನ್ನು ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ, ಆದರೆ ಅವ್ವ ಕೊಡ ಇಳಿಸುವಾಗ ಹೊಟ್ಟೆಯ ಮೇಲೆ ಒಂದು ಕೈ ಇಟ್ಟುಕೊಳ್ಳುವುದನ್ನು ನಾನು ನೋಡುತ್ತಿದ್ದೆ. ನನಗೆ ಭಯವಾಗುತ್ತಿತ್ತು.

ಪಕ್ಕದ ಮನೆಯ ಗಂಗಕ್ಕನಿಗೆ ಇದನ್ನು ನೋಡಿ ತಡೆಯಲಾಗಲಿಲ್ಲ. ಅವರದು ಲಿಂಗಾಯತರ ಮನೆ, ಹೊಲ ಮನೆ ಇದ್ದವರು. ಒಂದು ದಿನ ಕಟ್ಟೆಯ ಹತ್ತಿರ ನಿಂತು ಅಜ್ಜಿಯನ್ನು ಕೇಳಿಯೇಬಿಟ್ಟಳು.

"ದೊಡ್ಡಮ್ಮ, ನೀವು ಮುಟ್ಟಬೇಡ್ರಿ ಬಿಡ್ರಿ. ನಾನೇ ನಿಮ್ಮ ಕೊಡ ತುಂಬಿಸಿ ಒಳಗಿಡ್ತೀನಿ. ನನಗೇನು ಸಬ್ಬತ್ತು ಐತಾ?"

"ಹಂಗೆ ಬರಾಕಿಲ್ಲ ಗಂಗವ್ವ. ನಮ್ಮ ಅಂಗಳಕ್ಕೆ ಬಂದ ಪರರ ಕೈಯಾಗೂ ಅವತ್ತು ಕೆಲಸ ಮಾಡಿಸಬಾರ್ದು ಅಂತ ಆಜ್ಞೆ ಐತೆ."

"ಅಲ್ರೀ, ಬಸುರಿ ಹೆಂಗಸು..."

"ದೇವರು ನೋಡ್ಕಂತಾನೆ" ಎಂದು ಅಜ್ಜಿ ಮಾತು ಮುಗಿಸಿದಳು. ಅಜ್ಜಿ ಕೆಟ್ಟವಳಲ್ಲ. ಅವ್ವನ ಊಟದಲ್ಲಿ ತುಪ್ಪ ಬಿದ್ದಿದೆಯೋ ಇಲ್ಲವೋ ಎಂದು ಬಗ್ಗಿ ನೋಡುತ್ತಿದ್ದವಳು ಅವಳೇ. ಆದರೆ ಆಜ್ಞೆಯ ವಿಷಯ ಬಂದರೆ ಅವಳ ಕಿವಿ ಮುಚ್ಚಿಹೋಗುತ್ತಿತ್ತು.

ಮುಂದಿನ ಶನಿವಾರ, ಉರಿಬಿಸಿಲು. ಬೋರಿನ ಹ್ಯಾಂಡಲ್ ಜಗ್ಗುತ್ತಿದ್ದ ಅವ್ವ ಹಾಗೇ ಕೆಳಗೆ ಕೂತಳು. ಮುಖ ಬೆವೆತು ಬೆಳ್ಳಗಾಗಿತ್ತು. "ಗಂಗಕ್ಕನ್ನ ಕರ್ಕೊಂಡು ಬಾ" ಎಂದಳು. ಅಜ್ಜಿಯನ್ನು ಕರೆ ಎನ್ನಲಿಲ್ಲ. ನಾನು ಬಿಂದಿಗೆ ಅಲ್ಲೇ ಬಿಸಾಕಿ ಓಡಿದೆ. ಗಂಗಕ್ಕ ಆಟೊ ಹಿಡಿದು ಬಂದು, ಅವ್ವನನ್ನು ತಬ್ಬಿಕೊಂಡು ಕೂರಿಸಿ, ದಾರಿಯಲ್ಲಿ ಅಜ್ಜಿಯನ್ನೂ ಹತ್ತಿಸಿಕೊಂಡು ಆಸ್ಪತ್ರೆಗೆ ಕರೆದೊಯ್ದಳು.

ಒಳಗೆ ಲೇಡಿ ಡಾಕ್ಟರು ನೋಡುತ್ತಿದ್ದರು. ಅಪ್ಪ ಡ್ಯೂಟಿಯ ಮೇಲಿದ್ದ. ಹೊರಗೆ ಬೆಂಚಿನ ಮೇಲೆ ನಾವು ಮೂವರು. ಡೆಟಾಲಿನ ವಾಸನೆಯ ನಡುವೆ ನಾನು ಅಳುತ್ತ ಕೂತಿದ್ದೆ. ನನ್ನನ್ನು ಮಾತಿಗೆಳೆಯಲೆಂದೇ ಇರಬೇಕು, ಗಂಗಕ್ಕ ಕೇಳಿದಳು: "ಅಲ್ಲವ್ವ, ನಿಮ್ಮ ಭಾನುವಾರದಾಗೆ ಯಾರ್ಯಾರಿಗೆ ರಜಾ ಐತೆ? ನಿಂಗೆ ಬಾಯಿಪಾಠ ಇರಬೇಕಲ್ಲ."

ಸಂಡೇ ಸ್ಕೂಲಿನಲ್ಲಿ ನಾನು ಮುಂದಿನ ಸಾಲಿನವಳು. ಸಬ್ಬತ್ತಿನ ಆಜ್ಞೆಯನ್ನು ಅಳುತ್ತಲೇ ಒಪ್ಪಿಸಿದೆ. ಮನೆಯ ಯಜಮಾನ, ಮಗ, ಮಗಳು, ಆಳು, ಹೆಣ್ಣಾಳು, ಎತ್ತು, ಕತ್ತೆ, ಮನೆಯಲ್ಲಿರುವ ಪರಸ್ಥಳದವನು.

"ಕತ್ತೆಗೂ ಐತಾ" ಎಂದಳು ಗಂಗಕ್ಕ. ಆಮೇಲೆ, ಸ್ವಲ್ಪ ಯೋಚಿಸಿ, "ಸೊಸೆ?"

ನಾನು ಮತ್ತೊಮ್ಮೆ ಮನಸ್ಸಿನಲ್ಲೇ ಹೇಳಿಕೊಂಡು ನೋಡಿದೆ. ಸೊಸೆ ಇರಲಿಲ್ಲ. ಹೆಂಡತಿಯೂ ಇರಲಿಲ್ಲ. ಅಜ್ಜಿಯ ಮುಖ ನೋಡಿದೆ.

ಗಂಗಕ್ಕನ ದನಿಯಲ್ಲಿ ಕೊಂಕಿರಲಿಲ್ಲ. "ನಮ್ಮಲ್ಲೂ ಅಷ್ಟೇ ಬಿಡ್ರಿ ದೊಡ್ಡಮ್ಮ. ಸೋಮವಾರ ಬಂತಂದ್ರೆ ಬಸವಣ್ಣನ ದಿನ, ಎತ್ತಿನ ಹೆಗಲಿಗೆ ನೊಗ ಹಾಕಲ್ಲ. ಆ ಎತ್ತಿಗೆ ನೀರು ಕುಡಿಸಾಕೆ, ಸಗಣಿ ಬಾಚಾಕೆ ಮಾತ್ರ ನಾವೇ ಹೋಗಬೇಕು."

ಅಜ್ಜಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು ಮಾಡುತ್ತ ಕೂತಿದ್ದಳು. ಅಷ್ಟರಲ್ಲಿ ಡಾಕ್ಟರು ಹೊರಬಂದು, ಕೂಸಿಗೆ ಏನೂ ಆಗಿಲ್ಲ, ಆದರೆ ಇನ್ನು ಹೆರಿಗೆಯವರೆಗೂ ಭಾರ ಎತ್ತಿಸಬೇಡಿ, ಇವತ್ತು ಇಲ್ಲೇ ಇರಲಿ ಎಂದರು. ನನ್ನ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಅವ್ವನ ಜೊತೆಗೆ ಗಂಗಕ್ಕ ಆಸ್ಪತ್ರೆಯಲ್ಲಿ ಉಳಿದಳು.

ಮರುದಿನ ಬೆಳಿಗ್ಗೆ ಗಡಗಡ ಸದ್ದಿಗೆ ಎಚ್ಚರವಾಯಿತು. ಅಜ್ಜಿ ಕೊಡಗಳನ್ನು ಹೊರಗೆ ಸಾಗಿಸುತ್ತಿದ್ದಳು. ನಮ್ಮವು ಮಾತ್ರವಲ್ಲ, ಗಂಗಕ್ಕನ ಮನೆಯವೂ. ನಲ್ಲಿಯ ಹತ್ತಿರ ನಿಂತಿದ್ದ ಹೆಂಗಸರು ಮುಖ ಮುಖ ನೋಡಿಕೊಂಡು ದಾರಿ ಬಿಟ್ಟರು. ಅಜ್ಜಿ ಯಾರ ದಾಕ್ಷಿಣ್ಯವೂ ಬೇಡವೆಂದು ಸಾಲಿನ ಕೊನೆಗೇ ನಿಂತಳು. ಕೊಡ ಎತ್ತುವಾಗ ನಾನು ಇನ್ನೊಂದು ಕಡೆ ಹಿಡಿದುಕೊಂಡೆ. ನಾವಿಬ್ಬರೂ ತೊಯ್ದು ತೊಪ್ಪೆಯಾದೆವು. ಆ ದಿನ ಆರಾಧನೆಗೆ ಹೋಗಲಾಗಲಿಲ್ಲ.

ಅಜ್ಜಿ ಬಾರದ್ದನ್ನು ಕಂಡು ಅಯ್ಯನವರೇ ಮನೆಗೆ ಬಂದರು. ಅಜ್ಜಿಯನ್ನು ಯಾರಾದರೂ ಬೈಯುವುದನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ, ಹಾಗಾಗಿ ಬಾಗಿಲ ಹಿಂದೆ ಆಸೆಯಿಂದ ನಿಂತೆ.

"ಸೊಸೆ ಆಸ್ಪತ್ರ್ಯಾಗೆ ಐದಾಳೆ ಅಯ್ಯನೋರೆ. ನೀರು ಹಿಡಿದೆ" ಎಂದಳು ಅಜ್ಜಿ. "ಇಷ್ಟು ವರ್ಷ ನಾನು ಆಜ್ಞೆ ಕೈಕೊಂಡು ನಡೆದೆ ಅಂದ್ಕೊಂಡಿದ್ದೆ. ಕೈಕೊಂಡಾಕೆ ಅವಳು. ನಾನು ಅವಳ ಮ್ಯಾಲೆ ಹೊರಿಸಿ ಕೂತಿದ್ದೆ."

ಅಯ್ಯನವರು ಒಂದು ಲೋಟ ನೀರು ಕೇಳಿ ಕುಡಿದರು. "ದೇವರು ನಮ್ಮನ್ನ ಗುಲಾಮಗಿರಿಯ ದುಡಿತದಿಂದ ಬಿಡಿಸಿದ ನೆನಪಿಗೆ ಈ ದಿನ ಕೊಟ್ಟಿದ್ದು ತಾಯಿ. ಬಿಡಿಸೋ ಕೆಲಸ ಅವತ್ತೂ ಮಾಡಬಹುದು" ಎಂದು ಹೇಳಿ, ಅವ್ವನಿಗಾಗಿ ಪ್ರಾರ್ಥನೆ ಮಾಡಿ ಹೊರಟುಹೋದರು. ಬೈಗುಳಕ್ಕೆ ಕಾದಿದ್ದ ನನಗೆ ಸ್ವಲ್ಪ ನಿರಾಸೆಯಾಯಿತು.

ಮುಂದಿನ ಭಾನುವಾರಗಳಲ್ಲಿ ಅವ್ವನನ್ನು ಜಗಲಿಯ ಮೇಲೆ ಕೂರಿಸಲಾಯಿತು. ಅವಳಿಗೆ ಕೂರಲು ಬರುತ್ತಿರಲಿಲ್ಲ. ಕೈ ತಾನಾಗಿ ಮೊರವನ್ನೋ ಸೂಜಿಯನ್ನೋ ಹುಡುಕುತ್ತಿತ್ತು.

"ಬೆಳ್ಳುಳ್ಳಿನಾದ್ರೂ ಕೊಡ್ರಿ ಅತ್ತೆ, ಸುಲಿತೀನಿ."

"ಏನೂ ಇಲ್ಲ. ಸುಮ್ನೆ ಕೂತ್ಕೋ."

"ಸುಮ್ನೆ ಅಂದ್ರೆ ಹೆಂಗೆ ಕೂತ್ಕೊಳ್ಳೋದು?"

ಅಜ್ಜಿ ತಟ್ಟೆ ತೊಳೆಯಲು ಒಳಗೆ ಹೋದಳು. ಆ ಮಳೆಗಾಲ ಮುಗಿಯುವ ಹೊತ್ತಿಗೆ ತಮ್ಮ ಹುಟ್ಟಿದ, ಗುಂಡುಗುಂಡಗೆ, ಬೀದಿಗೆಲ್ಲ ಕೇಳುವ ಗಂಟಲಿನವನು.

ಈಗ ಅಜ್ಜಿ ಇಲ್ಲ. ಗಂಗಕ್ಕನೂ ಇಲ್ಲ. ನಾನು ಹೊನ್ನಾಳಿಯಲ್ಲಿ ಟೀಚರು. ಮನೆಯ ಮೇಲೆ ಟ್ಯಾಂಕಿದೆ, ಯಾವಾಗ ತಿರುಗಿಸಿದರೂ ನೀರು. ಶನಿವಾರಕ್ಕೂ ಭಾನುವಾರಕ್ಕೂ ನಡುವೆ ಇದ್ದ ಗೆರೆ ಮಾತ್ರ ಅಳಿಸಿಹೋಗಿದೆ. ಆರಾಧನೆಯಲ್ಲಿ ಕಣ್ಣು ಮುಚ್ಚಿದರೆ ವಾಷಿಂಗ್ ಮಶೀನಿನಲ್ಲಿ ಬಿಟ್ಟುಬಂದ ಬಟ್ಟೆ ಕಾಣುತ್ತದೆ. ಮೊಬೈಲು ಬ್ಯಾಗಿನೊಳಗೇ ಗುಂಯ್‌ಗುಡುತ್ತದೆ. ಕೆಲಸವೆಲ್ಲ ಮುಗಿದ ಆಗಿನ ಶನಿವಾರಗಳಂತೆ ಸಂಜೆಗಳು ಹಗುರಾಗಿ ಇಳಿಯುವುದನ್ನು ನಾನು ಮತ್ತೆ ಕಂಡಿಲ್ಲ.

ಅವ್ವ ಆಗಾಗ ನನ್ನ ಮನೆಗೆ ಬರುತ್ತಾಳೆ. ಭಾನುವಾರ ಬಂತೆಂದರೆ ಹೊರಗೆ ಕುರ್ಚಿ ಹಾಕಿಕೊಂಡು, ಎರಡೂ ಅಂಗೈಗಳನ್ನು ಮಡಿಲಲ್ಲಿ ಬಿಟ್ಟು, ಬೀದಿ ನೋಡುತ್ತ ಕೂರುತ್ತಾಳೆ. ಅವಳಿಗೆ ಅದು ಈಗ ಚೆನ್ನಾಗಿ ಬರುತ್ತದೆ. ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕಿ ನನ್ನನ್ನು ಕರೆಯುತ್ತಾಳೆ. ಬಂದೆ ಅವ್ವ, ಇದೊಂದು ಮುಗಿಸಿ ಬಂದೆ ಎನ್ನುತ್ತೇನೆ.